ಮೂವತ್ತು ಡಿಗ್ರಿಯ ತಪ್ಪು, ಊರಿಗೆಲ್ಲ ಕತ್ತಲು

ಬೆಂಗಳೂರು: ಬೇಸಿಗೆಯ ಸಂಜೆ ಒಂದು ತಾಲ್ಲೂಕು ಕೇಂದ್ರವೂ ಅದರ ಸುತ್ತಲಿನ ಹಳ್ಳಿಗಳೂ ಏಕಕಾಲಕ್ಕೆ ಕತ್ತಲಾದರೆ ಜನರು ಮೊದಲು ದೂರುವುದು ವಿದ್ಯುತ್ ಕೊರತೆಯನ್ನು, ಆಮೇಲೆ ಗಾಳಿ ಮಳೆಯನ್ನು. ಆದರೆ ಉತ್ಪಾದನೆ ಕುಸಿಯದೆ, ತಂತಿ ಹರಿಯದೆ, ಯಾವ ಯಂತ್ರವೂ ಕೆಡದೆ ಉಪಕೇಂದ್ರವೊಂದು ಸ್ತಬ್ಧಗೊಳ್ಳುವುದಕ್ಕೂ ಸಾಧ್ಯವಿದೆ. ಟ್ರಾನ್ಸ್‌ಫಾರ್ಮರನ್ನು ಕಾಯಬೇಕಾದ ರಿಲೇ ಸಾಧನವೇ ಆರೋಗ್ಯವಾಗಿರುವ ಟ್ರಾನ್ಸ್‌ಫಾರ್ಮರನ್ನು ಕೆಟ್ಟಿದೆಯೆಂದು ಭ್ರಮಿಸಿ ಸಂಪರ್ಕ ಕಡಿದುಹಾಕಿದರೆ ಆಗುವುದು ಅದೇ. ಇಂತಹ ತಪ್ಪು ತೀರ್ಮಾನಕ್ಕೆ ಇರುವ ಕಾರಣಗಳಲ್ಲಿ ಒಂದು, ರಿಲೇಯೊಳಗೆ ತಪ್ಪಾಗಿ ನಮೂದಾದ ಒಂದೇ ಒಂದು ಅಂಕಿ.

ಆ ಅಂಕಿಯ ಹೆಸರು ವೆಕ್ಟರ್ ಗ್ರೂಪ್. ಟ್ರಾನ್ಸ್‌ಫಾರ್ಮರಿನ ಎರಡು ಬದಿಗಳ ನಡುವೆ ಇರುವ ಕೋನ ವ್ಯತ್ಯಾಸವನ್ನು ಅದು ರಿಲೇಗೆ ತಿಳಿಸುತ್ತದೆ. ಒಂದು ಕಾಲದಲ್ಲಿ ಈ ಕೆಲಸವನ್ನು ತಾಮ್ರದ ತಂತಿಗಳ ಜೋಡಣೆಯೇ ಮಾಡುತ್ತಿತ್ತು. ಇಂದು ತಂತ್ರಾಂಶ ಮಾಡುತ್ತದೆ. ತಂತಿಯ ಜೋಡಣೆ ಕಣ್ಣಿಗೆ ಕಾಣುತ್ತಿತ್ತು. ತಂತ್ರಾಂಶದ ಅಂಕಿ ಕಾಣುವುದಿಲ್ಲ. ಕಾಣದಿರುವುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಸಾಧನಗಳು ಬದಲಾದಷ್ಟೇ ಶ್ರದ್ಧೆಯಿಂದ ಪರೀಕ್ಷೆಯ ಶಿಸ್ತನ್ನೂ ನಾವು ಬೆಳೆಸಿಕೊಂಡಿದ್ದೇವೆಯೇ ಎಂಬುದು ಈಗ ಕೇಳಬೇಕಾದ ಪ್ರಶ್ನೆ.

ಲೆಕ್ಕ ಕೇಳುವ ಕಾವಲುಗಾರ

ದೊಡ್ಡ ಟ್ರಾನ್ಸ್‌ಫಾರ್ಮರುಗಳಿಗೆ ಅಳವಡಿಸುವ ಡಿಫರೆನ್ಷಿಯಲ್ ರಿಲೇಯ ತತ್ತ್ವ ಬಹಳ ಸರಳ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಬೇಕು. ಉಗ್ರಾಣದ ಬಾಗಿಲಲ್ಲಿ ಕುಳಿತ ಗುಮಾಸ್ತನಂತೆ ಅದು ಎರಡೂ ಬದಿಯ ವಿದ್ಯುತ್ ಪ್ರವಾಹವನ್ನು ಅಳೆದು ಹೋಲಿಸುತ್ತದೆ. ಎರಡೂ ಸರಿಸಮವಾಗಿದ್ದರೆ ಮೌನ. ವ್ಯತ್ಯಾಸ ಕಂಡರೆ ಒಳಗೆಲ್ಲೋ ಸೋರಿಕೆಯಾಗಿದೆ, ಅಂದರೆ ಸುರುಳಿ ಸುಟ್ಟಿದೆ ಅಥವಾ ನಿರೋಧಕ ಒಡೆದಿದೆ ಎಂದು ನಿರ್ಧರಿಸಿ, ಕೆಲವೇ ಮಿಲಿಸೆಕೆಂಡುಗಳಲ್ಲಿ ಎರಡೂ ಬದಿಯ ಬ್ರೇಕರುಗಳಿಗೆ ಟ್ರಿಪ್ ಆಜ್ಞೆ ನೀಡುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಮರ್ಟ್ಜ್ ಮತ್ತು ಬರ್ನಾರ್ಡ್ ಪ್ರೈಸ್ ಎಂಬ ಎಂಜಿನಿಯರುಗಳು 1904ರಲ್ಲಿ ಪೇಟೆಂಟ್ ಪಡೆದ ಈ ತತ್ತ್ವ ಇಂದಿಗೂ ಮೂಲದಲ್ಲಿ ಬದಲಾಗಿಲ್ಲ. 10 ಎಂ.ವಿ.ಎ. ಮತ್ತು ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರುಗಳಿಗೆ ಈ ರಕ್ಷಣೆ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯೇ ವಿಧಿಸಿತ್ತು.

ಆದರೆ ಟ್ರಾನ್ಸ್‌ಫಾರ್ಮರಿನ ಎರಡು ಬದಿಯ ಪ್ರವಾಹಗಳು ಸಹಜ ಸ್ಥಿತಿಯಲ್ಲಿಯೂ ಒಂದೇ ಆಗಿರುವುದಿಲ್ಲ. ಉದಾಹರಣೆಗೆ, 66 ಕೆ.ವಿ.ಯನ್ನು 11 ಕೆ.ವಿ.ಗೆ ಇಳಿಸುವ 12.5 ಎಂ.ವಿ.ಎ. ಟ್ರಾನ್ಸ್‌ಫಾರ್ಮರನ್ನು ತೆಗೆದುಕೊಳ್ಳೋಣ. ಪೂರ್ಣ ಹೊರೆಯಲ್ಲಿ ಅದರ ಮೇಲ್ಬದಿಯಲ್ಲಿ ಸುಮಾರು 109 ಆಂಪಿಯರ್, ಕೆಳಬದಿಯಲ್ಲಿ ಸುಮಾರು 656 ಆಂಪಿಯರ್ ಹರಿಯುತ್ತದೆ. ಈ ಆರು ಪಟ್ಟು ಅಂತರವನ್ನು ಅಳತೆಯ ಕರೆಂಟ್ ಟ್ರಾನ್ಸ್‌ಫಾರ್ಮರುಗಳು, ಅಂದರೆ ಸಿ.ಟಿ.ಗಳು, ಮತ್ತು ರಿಲೇಯ ಅನುಪಾತದ ಲೆಕ್ಕ ಸರಿದೂಗಿಸುತ್ತವೆ. ಪ್ರಮಾಣವನ್ನು ಸರಿದೂಗಿಸುವುದು ಸುಲಭ. ಕಷ್ಟವಿರುವುದು ಕಾಲವನ್ನು ಸರಿದೂಗಿಸುವುದರಲ್ಲಿ.

ಗಡಿಯಾರದ ಮುಳ್ಳು

ಮೂರು ಫೇಸ್‌ನ ಟ್ರಾನ್ಸ್‌ಫಾರ್ಮರಿನಲ್ಲಿ ಸುರುಳಿಗಳನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಜೋಡಿಸುತ್ತಾರೆ. ಮೂರೂ ಸುರುಳಿಗಳ ಒಂದೊಂದು ತುದಿಯನ್ನು ಒಟ್ಟಿಗೆ ಕಟ್ಟಿದರೆ ಅದು ಸ್ಟಾರ್. ಒಂದರ ಬಾಲಕ್ಕೆ ಮತ್ತೊಂದರ ತಲೆಯನ್ನು ಸೇರಿಸಿ ತ್ರಿಕೋನ ಮಾಡಿದರೆ ಅದು ಡೆಲ್ಟಾ. ಒಂದು ಬದಿ ಸ್ಟಾರ್, ಇನ್ನೊಂದು ಬದಿ ಡೆಲ್ಟಾ ಇದ್ದಲ್ಲಿ ಎರಡೂ ಬದಿಯ ಅಲೆಗಳು ಒಂದೇ ಕ್ಷಣದಲ್ಲಿ ಏರಿಳಿಯುವುದಿಲ್ಲ. ಒಂದು ಇನ್ನೊಂದಕ್ಕಿಂತ 30 ಡಿಗ್ರಿ ಮುಂದೆಯೋ ಹಿಂದೆಯೋ ಇರುತ್ತದೆ. ನಮ್ಮ 50 ಹರ್ಟ್ಜ್ ವ್ಯವಸ್ಥೆಯಲ್ಲಿ ಒಂದು ಪೂರ್ಣ ಆವರ್ತನೆಗೆ 20 ಮಿಲಿಸೆಕೆಂಡ್ ಹಿಡಿಯುವುದರಿಂದ ಈ ಅಂತರ ಕೇವಲ 1.67 ಮಿಲಿಸೆಕೆಂಡಿನಷ್ಟು.

ಇದನ್ನು ಸೂಚಿಸಲು ಎಂಜಿನಿಯರುಗಳು ಗಡಿಯಾರದ ಭಾಷೆಯನ್ನು ಬಳಸುತ್ತಾರೆ. ಮೇಲ್ಬದಿಯ ವೋಲ್ಟೇಜು 12 ಗಂಟೆಯಲ್ಲಿದೆ ಎಂದುಕೊಂಡರೆ ಕೆಳಬದಿಯ ಮುಳ್ಳು ಎಲ್ಲಿದೆ ಎಂಬುದೇ ವೆಕ್ಟರ್ ಗ್ರೂಪಿನ ಅಂಕಿ. ಒಂದೊಂದು ಗಂಟೆಗೂ 30 ಡಿಗ್ರಿ. ನಮ್ಮ ಬೀದಿಗಳಲ್ಲಿ ಕಾಣುವ 11 ಕೆ.ವಿ. ವಿತರಣಾ ಟ್ರಾನ್ಸ್‌ಫಾರ್ಮರುಗಳ ಫಲಕದ ಮೇಲೆ ಸಾಮಾನ್ಯವಾಗಿ ಇರುವ ಬರಹ ಡಿವೈಎನ್ 11. ಅಂದರೆ ಮೇಲ್ಬದಿ ಡೆಲ್ಟಾ, ಕೆಳಬದಿ ಸ್ಟಾರ್, ಮುಳ್ಳು 11ರಲ್ಲಿ. ಇಷ್ಟು ಚಿಕ್ಕವುಗಳಿಗೆ ಡಿಫರೆನ್ಷಿಯಲ್ ರಿಲೇ ಇರುವುದಿಲ್ಲ, ಫ್ಯೂಸುಗಳೇ ಅವುಗಳ ರಕ್ಷಣೆ. ವಿದ್ಯುತ್ ಉತ್ಪಾದನಾ ಕೇಂದ್ರಗಳ ದೈತ್ಯ ಟ್ರಾನ್ಸ್‌ಫಾರ್ಮರುಗಳಲ್ಲಿ ಜನರೇಟರಿನ ಬದಿಗೆ ಡೆಲ್ಟಾ, ಗ್ರಿಡ್ ಬದಿಗೆ ಸ್ಟಾರ್ ಇರುವುದು ವಾಡಿಕೆ. ಅಲ್ಲಿ ಈ ಅಂಕಿಯ ಮಹತ್ವ ಬಹಳ.

ಎರಡು ಗಡಿಯಾರಗಳು ಒಂದು ಗಂಟೆ ಹೆಚ್ಚುಕಡಿಮೆ ಇರುವಾಗ ಅವುಗಳನ್ನು ನೇರವಾಗಿ ಹೋಲಿಸಿದರೆ ತಾಳೆಯಾಗುವುದು ಸಾಧ್ಯವಿಲ್ಲ. ಲೆಕ್ಕ ನೋಡಿ. ತಲಾ 1 ಆಂಪಿಯರಿನ ಎರಡು ಪ್ರವಾಹಗಳ ನಡುವೆ 30 ಡಿಗ್ರಿ ಅಂತರವಿದ್ದರೆ ಅವುಗಳ ವ್ಯತ್ಯಾಸ ಸೊನ್ನೆಯಲ್ಲ, 0.52 ಆಂಪಿಯರ್. ಅಂದರೆ ಹರಿಯುತ್ತಿರುವ ಪ್ರವಾಹದ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿದೆ ಎಂದು ರಿಲೇಗೆ ತೋರುತ್ತದೆ. 11 ಎಂದಿರಬೇಕಾದಲ್ಲಿ 1 ಎಂದು ನಮೂದಿಸಿದರೆ ಅಂತರ 60 ಡಿಗ್ರಿಯಾಗಿ, ವ್ಯತ್ಯಾಸ ನೂರಕ್ಕೆ ನೂರಾಗುತ್ತದೆ. ಒಂದು ಹನಿಯೂ ಸೋರದ ಪಾತ್ರೆಯಿಂದ ಪೂರ್ತಿ ನೀರು ಸೋರಿದಂತೆ ಕಾಣುವ ಸ್ಥಿತಿ ಇದು.

ತಾಮ್ರದಿಂದ ತಂತ್ರಾಂಶಕ್ಕೆ

ಹಳೆಯ ಎಲೆಕ್ಟ್ರೋಮೆಕ್ಯಾನಿಕಲ್ ರಿಲೇಗಳಿಗೆ ಕೋನದ ಲೆಕ್ಕ ಹಾಕುವ ಶಕ್ತಿಯಿರಲಿಲ್ಲ. ಆದ್ದರಿಂದ ಎಂಜಿನಿಯರುಗಳು ಸಿ.ಟಿ.ಗಳ ತಂತಿಯಲ್ಲಿಯೇ ಉಪಾಯ ಹುಡುಕಿದ್ದರು. ಟ್ರಾನ್ಸ್‌ಫಾರ್ಮರಿನ ಸ್ಟಾರ್ ಬದಿಯ ಸಿ.ಟಿ.ಗಳನ್ನು ಡೆಲ್ಟಾ ಆಗಿಯೂ, ಡೆಲ್ಟಾ ಬದಿಯ ಸಿ.ಟಿ.ಗಳನ್ನು ಸ್ಟಾರ್ ಆಗಿಯೂ ಜೋಡಿಸುತ್ತಿದ್ದರು. ಟ್ರಾನ್ಸ್‌ಫಾರ್ಮರು ಯಾವ ದಿಕ್ಕಿಗೆ ತಿರುಗಿಸಿತ್ತೋ ಸಿ.ಟಿ.ಗಳು ಅದನ್ನು ಅಷ್ಟೇ ಹಿಂದಕ್ಕೆ ತಿರುಗಿಸುತ್ತಿದ್ದವು. ಡೆಲ್ಟಾ ಜೋಡಣೆಯಿಂದ ಪ್ರವಾಹ 1.732 ಪಟ್ಟು ಹೆಚ್ಚುವುದರಿಂದ ಆ ಬದಿಗೆ 0.577 ಆಂಪಿಯರ್ ದರ್ಜೆಯ ಸಿ.ಟಿ.ಗಳನ್ನು ಆರಿಸುತ್ತಿದ್ದರು, ಇಲ್ಲವೇ ನಡುವೆ ಸಹಾಯಕ ಸಿ.ಟಿ.ಗಳನ್ನು ಇಡುತ್ತಿದ್ದರು.

ಈ ಜೋಡಣೆ ಮತ್ತೊಂದು ಉಪಕಾರವನ್ನೂ ಸದ್ದಿಲ್ಲದೆ ಮಾಡುತ್ತಿತ್ತು. ಭೂಸಂಪರ್ಕವಿರುವ ಸ್ಟಾರ್ ಬದಿಯ ಮಾರ್ಗದಲ್ಲಿ ಎಲ್ಲೋ ದೂರದಲ್ಲಿ ತಂತಿ ಹರಿದು ನೆಲಕ್ಕೆ ತಾಗಿತು ಎಂದುಕೊಳ್ಳಿ. ಆಗ ಮೂರೂ ಫೇಸುಗಳಲ್ಲಿ ಒಂದೇ ದಿಕ್ಕಿಗೆ, ಒಂದೇ ಕಾಲಕ್ಕೆ ಹರಿಯುವ ಪ್ರವಾಹವೊಂದು ಹುಟ್ಟುತ್ತದೆ. ಎಂಜಿನಿಯರುಗಳು ಇದನ್ನು ಝೀರೋ ಸೀಕ್ವೆನ್ಸ್ ಎನ್ನುತ್ತಾರೆ. ಸ್ಟಾರ್ ಬದಿಯ ಸಿ.ಟಿ.ಗಳಿಗೆ ಅದು ಕಾಣುತ್ತದೆ. ಡೆಲ್ಟಾ ಬದಿಯಲ್ಲಿ ಅದು ತ್ರಿಕೋನದೊಳಗೇ ಸುತ್ತಿಕೊಂಡು ಹೊರಗಿನ ತಂತಿಗೆ ಬರುವುದೇ ಇಲ್ಲ. ಹೋಲಿಸಿ ನೋಡುವ ರಿಲೇಗೆ ಲೆಕ್ಕ ತಪ್ಪಿದಂತೆ ತೋರುತ್ತದೆ. ಡೆಲ್ಟಾ ಆಗಿ ಜೋಡಿಸಿದ ಸಿ.ಟಿ.ಗಳು ಈ ಅಂಶವನ್ನು ತಾವಾಗಿಯೇ ಸೋಸಿ ತೆಗೆಯುತ್ತಿದ್ದವು.

ಇಂದಿನ ಸಂಖ್ಯಾತ್ಮಕ ರಿಲೇಗಳಲ್ಲಿ ಎರಡೂ ಬದಿಯ ಸಿ.ಟಿ.ಗಳನ್ನು ಸ್ಟಾರ್ ಆಗಿಯೇ ಜೋಡಿಸಲಾಗುತ್ತದೆ. ಒಂದು ಫೇಸಿನಿಂದ ಮತ್ತೊಂದನ್ನು ಕಳೆದು 1.732ರಿಂದ ಭಾಗಿಸುವ ಕೆಲಸವನ್ನು ರಿಲೇಯೊಳಗಿನ ಗಣಕ ಮಾಡುತ್ತದೆ. ತಂತಿ ಕಡಿಮೆ, ಸಹಾಯಕ ಸಿ.ಟಿ. ಬೇಡ, ನಿಖರತೆ ಹೆಚ್ಚು, ಘಟನೆಯ ದಾಖಲೆಯೂ ಉಳಿಯುತ್ತದೆ. ಇದು ನಿಸ್ಸಂದೇಹವಾಗಿ ಪ್ರಗತಿ. ಆದರೆ ವೆಕ್ಟರ್ ಗ್ರೂಪ್ ಯಾವುದು, ಝೀರೋ ಸೀಕ್ವೆನ್ಸ್ ಸೋಸಬೇಕೇ ಬೇಡವೇ ಎಂಬುದನ್ನು ರಿಲೇಗೆ ಮನುಷ್ಯನೇ ಹೇಳಬೇಕು. ತಪ್ಪಿಗೆ ಅವಕಾಶ ಇರುವುದು ಅಲ್ಲಿಯೇ.

ತಪ್ಪುಗಳ ಬಗೆಗಳು ಕೆಲವು. ಮೊದಲನೆಯದು ಎರಡು ಬಾರಿ ಮಾಡುವ ತಿದ್ದುಪಡಿ. ಹಳೆಯ ಪ್ಯಾನೆಲಿನಲ್ಲಿ ಹೊಸ ರಿಲೇ ಕೂರಿಸುವಾಗ ಸಿ.ಟಿ.ಗಳ ಹಳೆಯ ಡೆಲ್ಟಾ ಜೋಡಣೆಯನ್ನು ಹಾಗೆಯೇ ಬಿಟ್ಟು, ತಂತ್ರಾಂಶದಲ್ಲಿಯೂ 30 ಡಿಗ್ರಿ ತಿರುಗಿಸಿದರೆ, ತಂತಿ ಸರಿಪಡಿಸಿದ್ದನ್ನು ತಂತ್ರಾಂಶ ಕೆಡಿಸುತ್ತದೆ. ಎರಡನೆಯದು ಫಲಕವನ್ನು ಕುರುಡಾಗಿ ನಂಬುವುದು. ಟ್ರಾನ್ಸ್‌ಫಾರ್ಮರಿನ ಎರಡೂ ಬದಿಯಲ್ಲಿ ಎರಡು ಫೇಸುಗಳನ್ನು ಅದಲುಬದಲು ಮಾಡಿ ಜೋಡಿಸಿದ್ದರೆ, ಫಲಕದಲ್ಲಿ 1 ಎಂದಿದ್ದರೂ ವಾಸ್ತವದಲ್ಲಿ ಅದು 11ರಂತೆ ವರ್ತಿಸುತ್ತದೆ. ಮೂರನೆಯದು ಸೊನ್ನೆಯ ಭ್ರಮೆ. ವೈಎನ್‌ವೈಎನ್ 0 ಎಂದಿರುವ ಸ್ಟಾರ್–ಸ್ಟಾರ್ ಟ್ರಾನ್ಸ್‌ಫಾರ್ಮರಿಗೆ ಕೋನದ ತಿದ್ದುಪಡಿ ಬೇಡ ನಿಜ. ಆದರೆ ಒಳಗೆ ಡೆಲ್ಟಾ ಜೋಡಣೆಯ ಮೂರನೆಯ ಸುರುಳಿ ಇದ್ದರೆ ಝೀರೋ ಸೀಕ್ವೆನ್ಸ್ ಸೋಸುವುದು ಬೇಕೇ ಬೇಕು. ನಾಲ್ಕನೆಯದು ತುರ್ತು ಬದಲಾವಣೆ. ಸುಟ್ಟ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಬೇರೆಡೆಯಿಂದ ಮತ್ತೊಂದನ್ನು ತಂದು ಕೂರಿಸುವ ಅವಸರದಲ್ಲಿ, ಹೊಸದರ ಗುಣಕ್ಕೆ ತಕ್ಕಂತೆ ರಿಲೇಯನ್ನು ಹೊಂದಿಸುವುದು ಮರೆತರೆ ಹಳೆಯ ಅಂಕಿಯೇ ಉಳಿದುಬಿಡುತ್ತದೆ.

ಹಗುರ ಹೊರೆಯಲ್ಲಿ ಅಡಗುವ ದೋಷ

ಇಂತಹ ತಪ್ಪು ಮೊದಲ ದಿನವೇ ಸಿಕ್ಕಿಬೀಳಬಾರದೇ ಎಂದು ಓದುಗರು ಕೇಳಬಹುದು. ಬೀಳದೆಯೂ ಇರಬಹುದು ಎಂಬುದೇ ಇದರ ಅಪಾಯ. ರಿಲೇ ಅತಿ ಸಣ್ಣ ವ್ಯತ್ಯಾಸಗಳಿಗೆ ಬೆದರದಿರಲೆಂದು ಅದಕ್ಕೊಂದು ಕನಿಷ್ಠ ಮಿತಿಯನ್ನು ಇಡುತ್ತಾರೆ. ಅದು ಸಾಮಾನ್ಯವಾಗಿ ಪೂರ್ಣ ಹೊರೆಯ ಪ್ರವಾಹದ ಶೇ 20ರಿಂದ 30ರಷ್ಟು. ಮಿತಿ ಶೇ 20 ಎಂದಿಟ್ಟುಕೊಳ್ಳೋಣ. ಹೊಸ ಟ್ರಾನ್ಸ್‌ಫಾರ್ಮರಿಗೆ ಆರಂಭದಲ್ಲಿ ಶೇ 20ರಷ್ಟು ಹೊರೆ ಮಾತ್ರ ಇದ್ದರೆ, 30 ಡಿಗ್ರಿ ತಪ್ಪಿನಿಂದ ತೋರುವ ಹುಸಿ ವ್ಯತ್ಯಾಸ ಸುಮಾರು ಶೇ 10. ರಿಲೇ ಸುಮ್ಮನಿರುತ್ತದೆ. ಉದ್ಘಾಟನೆ ನಡೆಯುತ್ತದೆ, ಗುತ್ತಿಗೆದಾರರ ಬಿಲ್ಲು ಪಾವತಿಯಾಗುತ್ತದೆ. ಹೊರೆ ಶೇ 39ನ್ನು ದಾಟಿದ ದಿನ ಹುಸಿ ವ್ಯತ್ಯಾಸ ಮಿತಿಯನ್ನು ಮೀರುತ್ತದೆ, ಟ್ರಾನ್ಸ್‌ಫಾರ್ಮರು ಟ್ರಿಪ್ ಆಗುತ್ತದೆ. ಪಂಪ್‌ಸೆಟ್ಟುಗಳು ಓಡುವ, ಮನೆಮನೆಯಲ್ಲಿ ಫ್ಯಾನು ತಿರುಗುವ, ಪರೀಕ್ಷೆಗೆ ಮಕ್ಕಳು ಓದುವ ಬೇಸಿಗೆಯ ದಿನವೇ ಅದಾಗಿರುತ್ತದೆ. ಜನರಿಗೆ ವಿದ್ಯುತ್ ಅತ್ಯಗತ್ಯವಾದ ಹೊತ್ತಿಗೇ ಕಾದು ಕುಳಿತು ಹೊರಬೀಳುವ ದೋಷ ಇದು.

ಝೀರೋ ಸೀಕ್ವೆನ್ಸಿನ ತಪ್ಪು ಇನ್ನೂ ಗುಪ್ತ. ಪೂರ್ಣ ಹೊರೆಯಲ್ಲಿಯೂ ಅದು ಕಾಣಿಸಿಕೊಳ್ಳದಿರಬಹುದು. ಹೊರಗಿನ ಮಾರ್ಗದಲ್ಲಿ ತಂತಿ ನೆಲಕ್ಕೆ ತಾಗಿದಾಗ ಮಾತ್ರ ಹೊರಬರುತ್ತದೆ. ಆಗ ಆ ಒಂದು ಮಾರ್ಗವಷ್ಟೇ ನಿಲ್ಲಬೇಕಾಗಿದ್ದಲ್ಲಿ ಟ್ರಾನ್ಸ್‌ಫಾರ್ಮರೇ ನಿಂತು, ಅದರಿಂದ ಹೊರಡುವ ಎಲ್ಲ ಮಾರ್ಗಗಳೂ ಕತ್ತಲಾಗುತ್ತವೆ. ಗಾಳಿ ಮಳೆಯ ರಾತ್ರಿ ಇದು ನಡೆದರೆ ಗಾಳಿಗೇ ದೂರು ಹೋಗುವುದು ಸಹಜ.

ಕತ್ತಲಿಗಿಂತ ದೊಡ್ಡ ಅಪಾಯ ಇದರ ಮುಂದಿನ ಹಂತದಲ್ಲಿದೆ. ಕಾರಣವಿಲ್ಲದೆ ಪದೇಪದೇ ಟ್ರಿಪ್ ಆಗುವ ರಿಲೇಯ ಮೇಲೆ ಸಿಬ್ಬಂದಿಗೆ ನಂಬಿಕೆ ಹೋಗುತ್ತದೆ. ಮೇಲಿಂದ ಒತ್ತಡ, ಹೊರಗಿನಿಂದ ಜನರ ಆಕ್ರೋಶ. ಆಗ ಮೂಲ ತಪ್ಪನ್ನು ಹುಡುಕುವ ಬದಲು ಮಿತಿಯನ್ನು ಏರಿಸುವ, ಇಲ್ಲವೇ ಆ ರಕ್ಷಣೆಯನ್ನೇ ತಾತ್ಕಾಲಿಕವಾಗಿ ತಡೆಹಿಡಿಯುವ ಆಸೆ ಹುಟ್ಟುತ್ತದೆ. ತಾತ್ಕಾಲಿಕವಾದದ್ದು ಕಾಯಂ ಆಗಲು ಹೆಚ್ಚು ದಿನ ಬೇಕಾಗಿಲ್ಲ. ಸುಳ್ಳು ಕೂಗುತ್ತದೆಯೆಂದು ಕಾವಲು ನಾಯಿಯ ಬಾಯಿ ಕಟ್ಟಿದ ಮನೆಗೆ ಕಳ್ಳ ಬಂದರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ. ಸುರುಳಿಯೊಳಗೆ ನಿಜವಾದ ದೋಷ ಹುಟ್ಟಿದ ದಿನ ಅದನ್ನು ಮೊದಲ ಮಿಲಿಸೆಕೆಂಡುಗಳಲ್ಲಿ ಹಿಡಿಯುವವರಿಲ್ಲದೆ, ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರು ಹೊತ್ತಿ ಉರಿಯಬಹುದು. ಅದರ ಪಕ್ಕದಲ್ಲಿ ಕೆಲಸ ಮಾಡುವವರ ಜೀವಕ್ಕೂ ಅಪಾಯ. ಕತ್ತಲು ಗಂಟೆಗಳಲ್ಲಿ ಕಳೆಯುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರಿನ ಜಾಗಕ್ಕೆ ಹೊಸದನ್ನು ತಯಾರಿಸಿ ತರಲು ತಿಂಗಳುಗಳೇ ಬೇಕು.

2012ರ ಪಾಠ, 2023ರ ಸಂಹಿತೆ

ದೋಷವಿಲ್ಲದೆಯೂ ರಿಲೇ ಕತ್ತರಿಸಬಲ್ಲದು ಎಂಬುದಕ್ಕೆ ದೇಶ ಕಂಡ ದೊಡ್ಡ ನಿದರ್ಶನ 2012ರ ಜುಲೈ 30 ಮತ್ತು 31ರ ಗ್ರಿಡ್ ಕುಸಿತ. 30ರ ನಸುಕಿನಲ್ಲಿ 400 ಕೆ.ವಿ.ಯ ಬೀನಾ–ಗ್ವಾಲಿಯರ್ ಮಾರ್ಗವು ಅತಿಯಾದ ಹೊರೆಯನ್ನೇ ದೋಷವೆಂದು ಗ್ರಹಿಸಿದ ರಿಲೇಯಿಂದಾಗಿ ಕಡಿದುಹೋಯಿತು. ಅಲ್ಲಿದ್ದದ್ದು ಟ್ರಾನ್ಸ್‌ಫಾರ್ಮರಿನ ಡಿಫರೆನ್ಷಿಯಲ್ ರಿಲೇಯಲ್ಲ, ಮಾರ್ಗ ರಕ್ಷಣೆಯ ಡಿಸ್ಟೆನ್ಸ್ ರಿಲೇ; ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ತಂತಿಯಲ್ಲಿ ದೋಷವಿರಲಿಲ್ಲ ಎಂಬುದು ಗಮನಾರ್ಹ. ಮರುದಿನದ ಕುಸಿತದಲ್ಲಿ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ನೆಲಕಚ್ಚಿ ಸುಮಾರು 60 ಕೋಟಿ ಜನರಿಗೆ ಅದರ ಬಿಸಿ ತಟ್ಟಿತು. ದಕ್ಷಿಣದ ಜಾಲ ಆಗ ಉಳಿದವುಗಳೊಡನೆ ಒಂದೇ ಲಯದಲ್ಲಿ ಬೆಸೆದುಕೊಂಡಿರಲಿಲ್ಲವಾಗಿ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗ ಚಾಲನೆಗೊಂಡ ಮೇಲೆ ಆ ಗೋಡೆ ಇಲ್ಲ. ಇಂದು ನಾವೂ ಒಂದೇ ದೇಶ, ಒಂದೇ ಗ್ರಿಡ್‌ನ ಭಾಗ.

2012ರ ತನಿಖಾ ಸಮಿತಿ ರಕ್ಷಣಾ ವ್ಯವಸ್ಥೆಯನ್ನು ಹೊರಗಿನ ತಜ್ಞರಿಂದ ಲೆಕ್ಕಪರಿಶೋಧನೆಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತ್ತು. ಈ ಚಿಂತನೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2023ರ ಗ್ರಿಡ್ ಸಂಹಿತೆಯಲ್ಲಿ ನಿಯಮದ ರೂಪ ಪಡೆಯಿತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಆ ಸಂಹಿತೆ ಪ್ರತಿವರ್ಷ ಆಂತರಿಕ ರಕ್ಷಣಾ ಪರಿಶೋಧನೆಯನ್ನೂ, 220 ಕೆ.ವಿ. ಮತ್ತು ಮೇಲ್ಪಟ್ಟ ಉಪಕೇಂದ್ರಗಳಿಗೆ ಐದು ವರ್ಷಕ್ಕೊಮ್ಮೆ ಹೊರಗಿನವರ ಪರಿಶೋಧನೆಯನ್ನೂ ವಿಧಿಸಿದೆ. ರಕ್ಷಣೆಯ ಗುಣಮಟ್ಟಕ್ಕೆ ಅಂಕ ನೀಡುವ ಪದ್ಧತಿಯನ್ನೂ ತಂದಿದೆ. ಕೆಲಸ ಮಾಡಬೇಕಾದಾಗ ಮಾಡದ ರಿಲೇಗೆ ಒಂದು ಸೂಚ್ಯಂಕದಲ್ಲಿ, ಮಾಡಬಾರದಾಗ ಮಾಡಿದ್ದಕ್ಕೆ ಮತ್ತೊಂದರಲ್ಲಿ ಅಂಕ ಕಡಿತ. ಒಂಬತ್ತು ಬಾರಿ ಸರಿಯಾಗಿ ಕೆಲಸ ಮಾಡಿ ಒಮ್ಮೆ ವಿನಾಕಾರಣ ಟ್ರಿಪ್ ಆದರೆ ಎರಡನೆಯ ಸೂಚ್ಯಂಕ 0.9. ಒಂದಕ್ಕಿಂತ ಕಡಿಮೆಯಾದರೆ ಕಾರಣ ಕೊಡಬೇಕು. ದಕ್ಷಿಣ ವಲಯದಲ್ಲಿ ಇದರ ಉಸ್ತುವಾರಿ ಹೊತ್ತಿರುವ ಪ್ರಾದೇಶಿಕ ವಿದ್ಯುತ್ ಸಮಿತಿಯ ಕಚೇರಿ ಬೆಂಗಳೂರಿನಲ್ಲಿಯೇ ಇದೆ.

ಇದು ಸ್ವಾಗತಾರ್ಹ. ಆದರೆ ಹೊರಗಿನವರ ಪರಿಶೋಧನೆಗೆ ಎಳೆದ ಗೆರೆ 220 ಕೆ.ವಿ.ಯಲ್ಲಿ ನಿಂತಿದೆ ಎಂಬುದನ್ನು ಗಮನಿಸಬೇಕು. ದೇಶದ ಗ್ರಿಡ್ಡನ್ನು ಉಳಿಸಿಕೊಳ್ಳುವ ದೃಷ್ಟಿಯಿಂದ ಆ ಗೆರೆ ಸರಿ. ಆದರೆ ಕರ್ನಾಟಕದಲ್ಲಿ ಪಟ್ಟಣಗಳಿಗೂ ಹಳ್ಳಿಗಳಿಗೂ ನೇರವಾಗಿ 11 ಕೆ.ವಿ. ಮಾರ್ಗಗಳನ್ನು ಹೊರಡಿಸುವುದು ಹೆಚ್ಚಾಗಿ ಅದರ ಕೆಳಗಿನ 110, 66 ಮತ್ತು 33 ಕೆ.ವಿ. ಉಪಕೇಂದ್ರಗಳು. ಇಲ್ಲಿಯ ರಿಲೇಯ ತಪ್ಪಿನಿಂದ ದೇಶದ ಗ್ರಿಡ್ ಅಲುಗುವುದಿಲ್ಲ; ಒಂದು ಊರಿನ ನೀರು ಸರಬರಾಜು, ಆಸ್ಪತ್ರೆ, ಹಿಟ್ಟಿನ ಗಿರಣಿ, ಹೊಲದ ಪಂಪ್‌ಸೆಟ್ಟು ನಿಲ್ಲುತ್ತವೆ. ಗ್ರಿಡ್‌ನ ಲೆಕ್ಕಕ್ಕೆ ಬಾರದ ಕತ್ತಲು ಆ ಊರಿನವರಿಗೆ ಪೂರ್ತಿ ಕತ್ತಲೇ.

ಆಗಬೇಕಾದ್ದೇನು?

ಪರಿಹಾರಕ್ಕೆ ಹೊಸ ಸಂಶೋಧನೆಯೇನೂ ಬೇಕಾಗಿಲ್ಲ. ಎಂಜಿನಿಯರುಗಳಿಗೆ ಚಿರಪರಿಚಿತವಾದ ಸ್ಟೆಬಿಲಿಟಿ ಟೆಸ್ಟ್ ಇದೆ. ಟ್ರಾನ್ಸ್‌ಫಾರ್ಮರಿನ ಕೆಳಬದಿಯನ್ನು ಸಿ.ಟಿ.ಗಳ ಆಚೆಗೆ ಶಾರ್ಟ್ ಮಾಡಿ, ಮೇಲ್ಬದಿಗೆ ಸಾಮಾನ್ಯ 415 ವೋಲ್ಟ್ ಪೂರೈಕೆ ಕೊಟ್ಟು, ಎರಡೂ ಬದಿಯ ಪ್ರವಾಹ ರಿಲೇಯಲ್ಲಿ ತಾಳೆಯಾಗುತ್ತದೆಯೇ ಎಂದು ನೋಡುವುದು. ಮೇಲಿನ ಉದಾಹರಣೆಯ 12.5 ಎಂ.ವಿ.ಎ. ಟ್ರಾನ್ಸ್‌ಫಾರ್ಮರಿನ ಇಂಪೀಡೆನ್ಸ್ ಶೇ 10 ಎಂದಿಟ್ಟುಕೊಂಡರೆ ಮೇಲ್ಬದಿಯಲ್ಲಿ ಸುಮಾರು 7, ಕೆಳಬದಿಯಲ್ಲಿ ಸುಮಾರು 41 ಆಂಪಿಯರ್ ಹರಿಯುತ್ತದೆ. ಪೂರ್ಣ ಹೊರೆಯ ಶೇ 6 ಮಾತ್ರ. ಆದರೂ ಕೋನದ ತಪ್ಪನ್ನು ತೋರಿಸಲು ಅಷ್ಟು ಸಾಕು. ಲೆಕ್ಕ ಸರಿಯಿದ್ದರೆ ವ್ಯತ್ಯಾಸ ಸೊನ್ನೆಯ ಬಳಿ ಇರುತ್ತದೆ, 30 ಡಿಗ್ರಿ ತಪ್ಪಿದ್ದರೆ ಹರಿಯುತ್ತಿರುವುದರ ಅರ್ಧದಷ್ಟಿರುತ್ತದೆ. ಟ್ರಾನ್ಸ್‌ಫಾರ್ಮರಿಗೆ ಪೂರ್ಣ ವೋಲ್ಟೇಜು ಕೊಡುವ ಮೊದಲೇ ಸತ್ಯ ತಿಳಿಯುತ್ತದೆ.

ಆದ್ದರಿಂದ ಹೊಸ ಟ್ರಾನ್ಸ್‌ಫಾರ್ಮರು, ಬದಲಿ ಟ್ರಾನ್ಸ್‌ಫಾರ್ಮರು, ಹೊಸ ರಿಲೇ, ಸಿ.ಟಿ. ಬದಲಾವಣೆ, ಇವುಗಳಲ್ಲಿ ಯಾವುದೇ ನಡೆದರೂ ಈ ಪರೀಕ್ಷೆಯ ಲಿಖಿತ ದಾಖಲೆಯಿಲ್ಲದೆ ಚಾಲನೆ ನೀಡಬಾರದು. ಗುತ್ತಿಗೆದಾರರ ಅಂತಿಮ ಬಿಲ್ಲಿಗೂ ಇದೇ ಷರತ್ತಾಗಬೇಕು. ಎರಡನೆಯದಾಗಿ, ಚಾಲನೆಯ ನಂತರ ಹೊರೆ ಅರ್ಧಕ್ಕೇರಿದ ದಿನ ರಿಲೇಯ ಪರದೆಯ ಮೇಲೆ ತೋರುವ ವ್ಯತ್ಯಾಸದ ಪ್ರವಾಹವನ್ನು ಓದಿ ದಾಖಲಿಸಬೇಕು. ಇದಕ್ಕೆ ಹಣ ಬೇಡ, ಹತ್ತು ನಿಮಿಷ ಸಾಕು. ಮೂರನೆಯದಾಗಿ, ಸಿ.ಟಿ. ಜೋಡಣೆಯ ನಕ್ಷೆಯನ್ನೂ ರಿಲೇಯ ಸೆಟ್ಟಿಂಗ್ ಪ್ರತಿಯನ್ನೂ ಒಂದೇ ಕಡತದಲ್ಲಿ ಇಡಬೇಕು. ತಂತಿಯ ಮಾಹಿತಿ ಒಬ್ಬರ ಬಳಿ, ತಂತ್ರಾಂಶದ ಮಾಹಿತಿ ಮತ್ತೊಬ್ಬರ ಬಳಿ ಇರುವುದರಿಂದಲೇ ಎರಡು ಬಾರಿ ತಿದ್ದುವ ತಪ್ಪು ಹುಟ್ಟುತ್ತದೆ. ನಾಲ್ಕನೆಯದಾಗಿ, ಕಾರಣ ಹುಡುಕದೆ ಮಿತಿ ಏರಿಸುವುದಕ್ಕೆ ಕೆಳಹಂತದಲ್ಲಿ ಅಧಿಕಾರ ಇರಬಾರದು. ಕಾರಣ ಹುಡುಕಲು ಅಗತ್ಯವಾದ ತರಬೇತಿ ಮತ್ತು ಸಮಯ ಮಾತ್ರ ಕೆಳಹಂತಕ್ಕೆ ಸಿಗಬೇಕು.

ಕೊನೆಯದಾಗಿ, ಕೇಂದ್ರದ ಸಂಹಿತೆ 220 ಕೆ.ವಿ.ಯಲ್ಲಿ ನಿಲ್ಲಿಸಿದ್ದನ್ನು ರಾಜ್ಯ 66 ಕೆ.ವಿ.ಯವರೆಗೆ ಮುಂದುವರಿಸಬಹುದು. ಎಲ್ಲ ಉಪಕೇಂದ್ರಗಳನ್ನೂ ಒಮ್ಮೆಗೇ ಪರಿಶೋಧಿಸುವುದು ಕಷ್ಟವಾದರೆ, ಹಳೆಯ ಪ್ಯಾನೆಲಿಗೆ ಹೊಸ ರಿಲೇ ಕೂರಿಸಿದ ಕಡೆಗಳಿಂದಲೂ, ಬದಲಿ ಟ್ರಾನ್ಸ್‌ಫಾರ್ಮರು ಬಂದ ಕಡೆಗಳಿಂದಲೂ ಆರಂಭಿಸಬಹುದು. ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಬೆಂಗಳೂರಿನಲ್ಲಿಯೇ ಇದೆ. ಪರಿಣತಿಗಾಗಿ ದೂರ ಹೋಗಬೇಕಾದ ಸ್ಥಿತಿ ನಮ್ಮದಲ್ಲ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿಯೇ ವಿದ್ಯುತ್ ಹರಿಸಿದ ನಾಡು ಇದು. ಅಂದಿನಿಂದ ಇಂದಿನವರೆಗೆ ಎಷ್ಟು ಮೆಗಾವಾಟ್ ಹೆಚ್ಚಿತು, ಎಷ್ಟು ಉಪಕೇಂದ್ರಗಳು ಎದ್ದವು ಎಂಬ ಲೆಕ್ಕವನ್ನು ಪ್ರತಿ ಸರ್ಕಾರವೂ ಹೆಮ್ಮೆಯಿಂದ ಹೇಳುತ್ತಾ ಬಂದಿದೆ. ಆ ಉಪಕೇಂದ್ರಗಳ ರಿಲೇಗಳೊಳಗಿನ ಅಂಕಿಗಳನ್ನು ಕೊನೆಯ ಬಾರಿ ಯಾರು, ಎಂದು, ಯಾವ ಪರೀಕ್ಷೆಯಿಂದ ಖಚಿತಪಡಿಸಿದರು ಎಂಬ ಲೆಕ್ಕವೂ ಅದರ ಜೊತೆಗೇ ಸಿಗುವಂತಾಗಬೇಕು. ಅಲ್ಲಿಯವರೆಗೆ ಮುಂದಿನ ಬೇಸಿಗೆಯ ಕತ್ತಲಿಗೆ ಕಾರಣ ವಿದ್ಯುತ್ ಕೊರತೆಯೋ, ಮೂವತ್ತು ಡಿಗ್ರಿಯ ತಪ್ಪೋ ಎಂಬುದನ್ನು ಹೇಳುವವರು ಇರುವುದಿಲ್ಲ.